ಗ್ವಾಟೆಮಾಲಾದ ಮಿಷನ್‌ನಲ್ಲಿ ತಂಡಗಳನ್ನು ನೋಡಿಕೊಳ್ಳುವ ಕೆಲಸ: ಸೇವೆ ಯಾರಿಗೆ?

ಶಿರ್ವದ ಹುಡುಗ

ಎಲ್ಲರಿಗೂ ನಮಸ್ಕಾರ. ನನ್ನ ಊರು ಶಿರ್ವ. ಉದ್ಯೋಗದ ನಿಮಿತ್ತ ಕೆಲವು ವರ್ಷಗಳಿಂದ ಅಮೆರಿಕದ ಮಿನೆಸೋಟಾದಲ್ಲಿದ್ದೇನೆ. ನಾನು ಭಾನುವಾರದ ಪೂಜೆಗೆ ಹೋಗುವ ಚರ್ಚಿನಿಂದ ಪ್ರತಿವರ್ಷ ಹತ್ತು-ಹನ್ನೆರಡು ಜನರ ತಂಡವೊಂದು ಗ್ವಾಟೆಮಾಲಾದ ಅತಿತ್ಲಾನ್ ಸರೋವರದ ದಂಡೆಯಲ್ಲಿರುವ ಕಥೋಲಿಕ ಮಿಷನ್ ಒಂದಕ್ಕೆ ಹೋಗಿ, ವಾರದ ಮಟ್ಟಿಗೆ ಅಲ್ಲಿಯ ಕೆಲಸದಲ್ಲಿ ಕೈಜೋಡಿಸಿ ಬರುತ್ತದೆ. ಹೀಗೆ ಬರುವ ತಂಡಗಳನ್ನು ವಿಮಾನ ನಿಲ್ದಾಣದಿಂದ ಕರೆತಂದು, ಅವರ ಊಟ-ವಸತಿ, ಕೆಲಸ, ಭಾಷೆ, ಆರೋಗ್ಯ ಎಲ್ಲವನ್ನೂ ನೋಡಿಕೊಳ್ಳಲು ಅಲ್ಲಿ ದೀರ್ಘಕಾಲ ಉಳಿಯುವ ಸ್ವಯಂಸೇವಕರಿರುತ್ತಾರೆ. ಆ ಕೆಲಸಕ್ಕೆ ಒಂದು ವರ್ಷಕ್ಕೆಂದು ಅರ್ಜಿ ಹಾಕಲು ಮನಸ್ಸು ಮಾಡಿದ್ದೇನೆ. ಸಂಬಳವಿಲ್ಲ. ಊಟ ಮತ್ತು ಕೋಣೆ ಅವರದು, ವಿಮೆ ಮತ್ತು ಪ್ರಯಾಣದ ಖರ್ಚು ನಮ್ಮದು. ಇಂಥ ಕಡೆ ಇದ್ದು ಬಂದವರು ಅಲ್ಲಿಯ ದಿನಚರಿ ಹೇಗಿರುತ್ತದೆ, ಯಾವುದು ಕಷ್ಟ, ಯಾವುದಕ್ಕೆ ಮೊದಲೇ ಸಿದ್ಧವಾಗಬೇಕು ಎಂಬುದನ್ನು ದಯವಿಟ್ಟು ವಿವರವಾಗಿ ತಿಳಿಸಬೇಕು. ಊರಿನಿಂದ ಅಮ್ಮ ಫೋನಿನಲ್ಲಿ ಕೇಳಿದ ಪ್ರಶ್ನೆಯನ್ನೂ ಇಲ್ಲಿ ಇಡುತ್ತಿದ್ದೇನೆ, ಏಕೆಂದರೆ ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ: ಅಷ್ಟು ದೂರ ಹೋಗಿ ಅಮೆರಿಕದವರಿಗೆ ಊಟ ಬಡಿಸಿದರೆ ಅದು ಬಡವರ ಸೇವೆ ಹೇಗಾಗುತ್ತದೆ?

ಟೀಚರಕ್ಕ

ನಿಮ್ಮ ತಾಯಿಯವರು ಕೇಳಿದ್ದು ಬಹಳ ಸರಿಯಾದ ಪ್ರಶ್ನೆ. ಶಾಲೆಯಿಂದ ನಿವೃತ್ತಳಾದ ಮೇಲೆ ನಾನು ಅದೇ ಸರೋವರದ ದಂಡೆಯ ಇನ್ನೊಂದು ಊರಿನ ಮಿಷನ್‌ನಲ್ಲಿ ಇದೇ ಕೆಲಸ ಮಾಡಿದ್ದೇನೆ. ಬಂದ ತಂಡವನ್ನು ಪ್ರೀತಿಯಿಂದ ನೋಡಿಕೊಳ್ಳಬೇಕು, ಆದರೆ ನಮ್ಮ ಋಣ ಮಾತ್ರ ಆ ಊರಿಗೆ ಸೇರಿದ್ದು ಎಂಬುದು ಅಲ್ಲಿ ನನಗೆ ದಿನದಿನಕ್ಕೂ ಮನದಟ್ಟಾಯಿತು. ತಂಡದ ಇಷ್ಟಾನಿಷ್ಟಗಳಿಗೂ ಊರಿನ ಅನುಕೂಲಕ್ಕೂ ತಿಕ್ಕಾಟ ಬಂದಾಗ ಊರಿನ ಕಡೆ ನಿಲ್ಲುವವರೇ ಈ ಕೆಲಸಕ್ಕೆ ತಕ್ಕವರು. ಹಾಗೆ ನಿಂತರೆ ಅದು ಬಡವರ ಸೇವೆಯೇ ಆಗುತ್ತದೆ, ಏಕೆಂದರೆ ಒಳ್ಳೆಯ ಮನಸ್ಸಿನಿಂದ ಬಂದ ಅಪರಿಚಿತರು ಅರಿಯದೆ ಮಾಡಬಹುದಾದ ಹಾನಿಯಿಂದ ಊರನ್ನು ಕಾಯುವವರು ಮಧ್ಯದಲ್ಲಿ ಯಾರಾದರೂ ಇರಲೇಬೇಕು.

ದಿನಚರಿಯ ವಿಷಯಕ್ಕೆ ಬರುತ್ತೇನೆ. ತಂಡ ಬರುವ ದಿನ ನೀವು ಚಾಲಕರೊಂದಿಗೆ ರಾಜಧಾನಿಯ ಲಾ ಅವ್ರೋರಾ ವಿಮಾನ ನಿಲ್ದಾಣಕ್ಕೆ ಹೋಗುತ್ತೀರಿ. ಅಲ್ಲಿಂದ ಸರೋವರಕ್ಕೆ ಮೂರು-ನಾಲ್ಕು ಗಂಟೆಯ ಹಾದಿ, ಅದರ ಬಹುಭಾಗ ಬೆಟ್ಟದ ತಿರುವುಗಳು. ಸರೋವರವೇ ಸುಮಾರು 1,560 ಮೀಟರ್ ಎತ್ತರದಲ್ಲಿರುವುದರಿಂದ ಮೊದಲ ದಿನ ಕೆಲವರಿಗೆ ತಲೆನೋವು ಬರುತ್ತದೆ. ಹೇಳಬೇಕಾದ ಮುಖ್ಯ ಸಂಗತಿಗಳನ್ನು ವ್ಯಾನಿನಲ್ಲಿಯೇ ಹೇಳಿಬಿಡುವುದು ಒಳ್ಳೆಯದು: ನಲ್ಲಿಯ ನೀರು ಕುಡಿಯಬಾರದು, ಹಲ್ಲುಜ್ಜುವುದಕ್ಕೂ ದೊಡ್ಡ ಕ್ಯಾನಿನ ಶುದ್ಧ ನೀರನ್ನೇ ಬಳಸಬೇಕು; ಕೊಳವೆ ಕಟ್ಟಿಕೊಳ್ಳುವುದರಿಂದ ಶೌಚಾಲಯದ ಕಾಗದವನ್ನು ಪಕ್ಕದ ಬುಟ್ಟಿಯಲ್ಲೇ ಹಾಕಬೇಕು; ಮಕ್ಕಳ ಫೋಟೊ ತೆಗೆಯಬಾರದು. ಈ ಮೂರನೆಯದರ ಕಾರಣವನ್ನು ಬೇರೆಯಾಗಿ ಬರೆಯುತ್ತೇನೆ, ಅದು ದೊಡ್ಡ ವಿಷಯ.

ಬೆಳಗಿನ ಜಾವ ಎದ್ದರೆ ಅಡುಗೆಮನೆಯ ಹೆಂಗಸರು ನಿಮಗಿಂತ ಮೊದಲೇ ಎದ್ದಿರುತ್ತಾರೆ. ಹಿಂದಿನ ರಾತ್ರಿ ಸುಣ್ಣದ ನೀರಿನಲ್ಲಿ ಬೇಯಿಸಿಟ್ಟ ಮೆಕ್ಕೆಜೋಳವನ್ನು ತೊಳೆದು, ಬೇಸಿನ್ನಿನಲ್ಲಿ ತುಂಬಿ, ತಲೆಯ ಮೇಲೆ ಹೊತ್ತು ಗಿರಣಿಗೆ ಒಯ್ದು, ನುಣ್ಣಗೆ ಬೀಸಿಸಿಕೊಂಡು ತರುತ್ತಾರೆ. ಆ ಹಿಟ್ಟನ್ನು ಎರಡು ಅಂಗೈಗಳ ನಡುವೆ ತಟ್ಟಿ ಕಾವಲಿಯ ಮೇಲೆ ಹಾಕುವ ಸದ್ದು, ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ರೊಟ್ಟಿ ಬಡಿಯುವ ಸದ್ದಿನಂತೆ ಓಣಿಯ ತುಂಬ ಕೇಳುತ್ತದೆ. ತಟ್ಟುವ ಕೈಯನ್ನು ಗಮನಿಸಿ ನೋಡಿದರೆ, ಪ್ರತಿ ಬಡಿತಕ್ಕೂ ಹಿಟ್ಟು ಕೂದಲೆಳೆಯಷ್ಟು ತಿರುಗುತ್ತದೆ, ಅಂಚು ಎಲ್ಲಿಯೂ ಬಿರಿಯುವುದಿಲ್ಲ. ಊಟಕ್ಕೆ ಆ ರೊಟ್ಟಿ, ಕಪ್ಪು ಹುರುಳಿಕಾಯಿಯ ಬೀಜದ ಪಲ್ಯ, ಮೊಟ್ಟೆ, ಬೇಯಿಸಿದ ಬಾಳೆಕಾಯಿ, ವಾರಕ್ಕೆ ಒಂದೆರಡು ಸಲ ಕೋಳಿ. ತಂಡದವರಿಗೆ ತಟ್ಟೆಯನ್ನು ತಾವೇ ತೊಳೆಯಲು ಹೇಳಿ. ಅಡುಗೆಯವರ ಹೆಸರುಗಳನ್ನು ಮೊದಲ ದಿನವೇ ಪರಿಚಯಿಸಿ ಕಲಿಸಿ. ಅಡುಗೆಮನೆಯಲ್ಲಿ ದುಡಿಯುವವರು ಅತಿಥಿಗಳ ಕಣ್ಣಿಗೆ ಮನುಷ್ಯರಾಗಿ ಕಂಡರೆ ಉಳಿದ ವಾರವೆಲ್ಲ ಸಲೀಸು.

ಕೆಲಸದ ಸ್ಥಳಕ್ಕೆ ಎಂಟಕ್ಕೆ ಮುಂಚೆ ಹೋಗಬೇಕು. ಮಧ್ಯಾಹ್ನದ ಮೇಲೆ ಸರೋವರದಲ್ಲಿ ಶೋಕೊಮಿಲ್ ಎಂಬ ಗಾಳಿ ಏಳುತ್ತದೆ. ದೋಣಿಯಲ್ಲಿ ಹೋಗಬೇಕಾದ ಊರುಗಳಿದ್ದರೆ ಬೆಳಿಗ್ಗೆಯೇ ಮುಗಿಸಿಕೊಳ್ಳಿ. ರಾತ್ರಿ ಊಟವಾದ ಮೇಲೆ ತಂಡದೊಂದಿಗೆ ಕುಳಿತು ಆ ದಿನ ಕಂಡದ್ದನ್ನು ಮಾತಾಡುವುದು, ಪ್ರಾರ್ಥನೆ, ನಾಳೆಯ ಏರ್ಪಾಡು. ಅವರು ಮಲಗಿದ ಮೇಲೆ ಚಾಲಕರ ಲೆಕ್ಕ, ತರಕಾರಿಯ ಲೆಕ್ಕ, ಹೊಟ್ಟೆ ಕೆಟ್ಟವರಿಗೆ ಓಆರ್‌ಎಸ್. ಪ್ರತಿ ತಂಡದಲ್ಲೂ ಒಬ್ಬರಿಬ್ಬರಿಗೆ ಹೊಟ್ಟೆ ಕೆಡುತ್ತದೆ, ಗಾಬರಿಯಾಗಬೇಡಿ.

ಮೂಡಿಗೆರೆ ತೋಟ

ಟೀಚರಕ್ಕನವರ ಬರಹ ಓದಿ ಸಂತೋಷವಾಯಿತು. ನಾನು ಕಥೋಲಿಕನಲ್ಲ, ಕ್ರೈಸ್ತನೂ ಅಲ್ಲ. ಕಾಫಿ ಬೆಳೆಗಾರನಾದ್ದರಿಂದ ಆ ಸರೋವರದ ಸುತ್ತಲಿನ ಕಾಫಿಯ ಬಗ್ಗೆ ಓದಿಕೊಂಡಿದ್ದೇನೆ. ಒಂದು ಪ್ರಶ್ನೆಯನ್ನು ನೇರವಾಗಿ ಕೇಳುತ್ತೇನೆ, ದಯವಿಟ್ಟು ತಪ್ಪಾಗಿ ಭಾವಿಸಬಾರದು. ಹನ್ನೆರಡು ಜನ ಅಮೆರಿಕದಿಂದ ಹಾರಿ ಬರುವ ಟಿಕೆಟ್ಟಿನ ಹಣದಲ್ಲಿ ಆ ಊರಿನ ಗಾರೆಯವರಿಗೆ ಎಷ್ಟೋ ತಿಂಗಳ ಕೂಲಿ ಕೊಡಬಹುದು. ನನ್ನ ತೋಟಕ್ಕೆ ಹಣ್ಣು ಕೊಯ್ಯಲು ಹವ್ಯಾಸಕ್ಕೆಂದು ಪೇಟೆಯವರು ಬಂದರೆ ಒಂದು ಗಿಡದಲ್ಲಿ ಹಸಿರು ಕಾಯಿ, ಹಣ್ಣು, ಎಲೆ ಎಲ್ಲವನ್ನೂ ಸೇರಿಸಿ ಜಗ್ಗಿ ಹೋಗುತ್ತಾರೆ. ಹಣ್ಣು ಕೊಯ್ಯುವುದು ನುರಿತ ಕೈಗಳ ಕೆಲಸ. ಹಾಗಿರುವಾಗ ಈ ತಂಡಗಳು ಬರುವುದರಿಂದ ಊರಿನವರ ಕೆಲಸಕ್ಕೆ ಕುಂದು ಬರುವುದಿಲ್ಲವೇ? ಹಣವನ್ನು ಮಾತ್ರ ಕಳಿಸಿದರೆ ಆಗದೇ?

ಟೀಚರಕ್ಕ

ಸರ್, ತಪ್ಪಾಗಿ ಭಾವಿಸುವ ಮಾತೇ ಇಲ್ಲ. ಕುಂದು ಬರುತ್ತದೆ, ಏರ್ಪಾಡು ಸರಿಯಿಲ್ಲದ ಕಡೆ ಖಂಡಿತ ಬರುತ್ತದೆ. ಅದನ್ನು ತಡೆಯುವುದೇ ತಂಡವನ್ನು ನೋಡಿಕೊಳ್ಳುವವರ ಮುಖ್ಯ ಕೆಲಸವೆಂದು ನಾನು ನಂಬಿದ್ದೇನೆ. ಒಂದು ಉದಾಹರಣೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಆ ಭಾಗದ ಬಹಳಷ್ಟು ಮನೆಗಳಲ್ಲಿ ಇವತ್ತಿಗೂ ಮೂರು ಕಲ್ಲಿನ ಒಲೆಯ ಮೇಲೆ ಅಡುಗೆ. ತಗಡಿನ ಮಾಡು, ಕಿಟಕಿಯಿಲ್ಲದ ಕೋಣೆ, ಬೆನ್ನಿಗೆ ಕೂಸನ್ನು ಕಟ್ಟಿಕೊಂಡು ಹೊಗೆಯಲ್ಲಿ ಕೆಮ್ಮುತ್ತ ಬೇಯಿಸುವ ತಾಯಿ. ಆದ್ದರಿಂದ ಸೊಂಟದ ಎತ್ತರಕ್ಕೆ ಇಟ್ಟಿಗೆ ಕಟ್ಟಿ, ಮೇಲೆ ದಪ್ಪನೆಯ ಕಬ್ಬಿಣದ ಹಲಗೆ ಕೂರಿಸಿ, ಹೊಗೆಯನ್ನು ಕೊಳವೆಯಿಂದ ಮಾಡಿನಾಚೆ ಬಿಡುವ ಒಲೆಗಳನ್ನು ಕಟ್ಟಿಕೊಡುವ ಕೆಲಸ ಹಲವು ಮಿಷನ್‌ಗಳಲ್ಲಿ ನಡೆಯುತ್ತದೆ. ಒಲೆಯ ಬಾಯಿಯ ಅಳತೆ ಎರಡು ಬೆರಳು ತಪ್ಪಿದರೂ ಹೊಗೆ ಮತ್ತೆ ಒಳಕ್ಕೇ ಬರುತ್ತದೆ. ಇಟ್ಟಿಗೆ ಇಡುವವರು ಊರಿನ ಮೇಸ್ತ್ರಿ ಮತ್ತು ಅವರ ಕೈಕೆಳಗೆ ಕಲಿಯುತ್ತಿರುವ ಹುಡುಗ. ತಂಡದವರು ಮರಳು ಜರಡಿ ಹಿಡಿಯಬಹುದು, ದಿಣ್ಣೆಯ ಮೇಲಿನ ಮನೆಗೆ ಇಟ್ಟಿಗೆ ಹೊರಬಹುದು, ನೀರು ತರಬಹುದು. ಕರಣೆ ಮಾತ್ರ ಮೇಸ್ತ್ರಿಯವರ ಕೈಯಲ್ಲೇ ಇರಬೇಕು. ಮೇಸ್ತ್ರಿಯವರು ದಾರ ಕಟ್ಟಿ, ಒಂದೊಂದು ಇಟ್ಟಿಗೆಯನ್ನೂ ಕರಣೆಯ ಹಿಡಿಯಿಂದ ಮೆಲ್ಲಗೆ ತಟ್ಟಿ ಕೂರಿಸುವುದನ್ನು ನೋಡುತ್ತ, ದೊಡ್ಡ ಕಂಪನಿ ನಡೆಸುವವರೊಬ್ಬರು ಅವರ ಅಪ್ಪಣೆಗೆ ಕಾದು ಬಕೆಟ್ ಹಿಡಿದು ನಿಲ್ಲುತ್ತಾರೆ. ಆ ಕಾಯುವಿಕೆ ಅವರಿಗೆ ಒಳ್ಳೆಯದು.

ಇಲ್ಲಿ ಯಾರ ಕಣ್ಣಿಗೂ ಬೀಳದ ಒಂದು ಸೂಕ್ಷ್ಮವಿದೆ. ತಂಡ ಬಂದ ವಾರ ಹೊರುವ ಕೈಗಳು ಹೆಚ್ಚಾಗುವುದರಿಂದ ಆ ಕಲಿಯುವ ಹುಡುಗನನ್ನು ಕೆಲಸಕ್ಕೆ ಬರಬೇಡವೆನ್ನುವುದು ಸುಲಭ. ಅವನ ವಾರದ ಕೂಲಿ ಹೋಗುತ್ತದೆ, ಕಲಿಕೆಯೂ ನಿಲ್ಲುತ್ತದೆ. ಆದ್ದರಿಂದ ತಂಡದ ವಾರದಲ್ಲಿ ಹುಡುಗನ ಹಾಜರಿಯನ್ನು ಖಾತ್ರಿಪಡಿಸಿಕೊಳ್ಳುವುದು, ಅವನೇ ಬಂದವರಿಗೆ ಗಾರೆ ಕಲಸುವುದನ್ನು ತೋರಿಸಿಕೊಡುವಂತೆ ಮಾಡುವುದು ನೋಡಿಕೊಳ್ಳುವವರ ಕರ್ತವ್ಯ. ಅರ್ಜಿ ಹಾಕುವ ಮೊದಲು ಯಾವುದೇ ಮಿಷನ್‌ಗೆ ಈ ಪ್ರಶ್ನೆ ಕೇಳಿ: ತಂಡ ಬಾರದ ತಿಂಗಳುಗಳಲ್ಲಿ ಇಲ್ಲಿ ಒಲೆ ಕಟ್ಟುವ ಕೆಲಸ ನಡೆಯುತ್ತದೆಯೇ, ಮೇಸ್ತ್ರಿಯವರಿಗೆ ಆಗ ಕೂಲಿ ಯಾರು ಕೊಡುತ್ತಾರೆ? ತಂಡ ಬಂದರಷ್ಟೇ ನಡೆಯುವ ಕೆಲಸವಾಗಿದ್ದರೆ ಅಲ್ಲಿಗೆ ಹೋಗಬೇಡಿ.

ಹಣ ಮಾತ್ರ ಕಳಿಸಿದರೆ ಆಗದೇ ಎಂದಿರಿ. ಒಮ್ಮೆ ಬಂದು ಹೋದವರು ಹಣ ಕಳಿಸುವುದನ್ನು ವರ್ಷಗಟ್ಟಲೆ ನಿಲ್ಲಿಸುವುದಿಲ್ಲ, ಬಾರದವರು ಒಂದೆರಡು ಸಲ ಕಳಿಸಿ ಮರೆಯುತ್ತಾರೆ ಎಂಬುದು ನಾನು ಅಲ್ಲಿ ಕಂಡದ್ದು. ಕಾಫಿಯ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಸರೋವರದ ಆಗ್ನೇಯ ದಂಡೆಯ ಸಾನ್ ಲೂಕಾಸ್ ತೊಲಿಮಾನ್ ಊರಿಗೆ ಮಿನೆಸೋಟಾದ ನ್ಯೂ ಉಲ್ಮ್ ಧರ್ಮಪ್ರಾಂತ್ಯದ ಫಾದರ್ ಗ್ರೆಗರಿ ಶಾಫರ್ 1963ರಲ್ಲಿ ಬಂದು, 2012ರಲ್ಲಿ ತೀರಿಕೊಳ್ಳುವವರೆಗೂ ಆ ಊರಿನವರಾಗಿಯೇ ಇದ್ದರು. ನೆಲವಿಲ್ಲದ ಕುಟುಂಬಗಳಿಗೆ ಜಮೀನು ಒದಗಿಸುವುದು, ಸಣ್ಣ ಬೆಳೆಗಾರರಿಂದ ಮಧ್ಯವರ್ತಿಗಳಿಲ್ಲದೆ ಕಾಫಿ ಕೊಂಡು ಅಮೆರಿಕದ ಚರ್ಚುಗಳಲ್ಲಿ ಮಾರುವುದು ಆ ಮಿಷನ್ನಿನ ಕೆಲಸಗಳಲ್ಲಿ ಸೇರಿದ್ದವು. ಕಣದಲ್ಲಿ ಕಾಫಿ ಹರಡಿ ಗೋರಿದ ಅನುಭವವಿರುವವರೇ ಮನೆಗೆ ಹಿಂದಿರುಗಿ ಆ ಕಾಫಿಯನ್ನು ಕೊಳ್ಳುತ್ತಾರೆ, ಅಕ್ಕಪಕ್ಕದವರಿಂದಲೂ ಕೊಳ್ಳಿಸುತ್ತಾರೆ.

ಮೂಡಿಗೆರೆ ತೋಟ

ಆ ಹುಡುಗನ ಕೂಲಿಯ ಮಾತು ನನ್ನ ಮನಸ್ಸಿಗೆ ನಾಟಿತು. ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಕಣದ ಕೆಲಸದಲ್ಲಿ ತಂಡದವರಿಂದ ತೊಂದರೆಯಾಗುವುದಿಲ್ಲ ಎಂಬುದನ್ನೂ ಒಪ್ಪುತ್ತೇನೆ; ಪಾರ್ಚ್‌ಮೆಂಟ್ (ತಿರುಳು ತೆಗೆದು ಒಣಗಿಸುವ ಕಾಫಿ ಬೀಜ) ಗೋರುವುದಕ್ಕೆ ನುರಿತ ಕೈ ಬೇಕಿಲ್ಲ, ಬಿಸಿಲು ತಡೆದುಕೊಳ್ಳುವ ಶಕ್ತಿ ಇದ್ದರೆ ಸಾಕು. 2012-13ರಲ್ಲಿ ಎಲೆ ತುಕ್ಕು ರೋಗ ಮಧ್ಯ ಅಮೆರಿಕದ ಕಾಫಿಯನ್ನು ನೆಲ ಕಚ್ಚಿಸಿದಾಗ ಗ್ವಾಟೆಮಾಲಾ ಸರ್ಕಾರವೇ ತುರ್ತು ಪರಿಸ್ಥಿತಿ ಘೋಷಿಸಿತ್ತು. ಆ ವರ್ಷಗಳಲ್ಲಿ ಸಣ್ಣ ಬೆಳೆಗಾರನ ಕೈ ಬಿಡದೆ ಕೊಂಡವರು ಯಾರೇ ಆಗಿರಲಿ, ಅವರು ಮಾಡಿದ್ದು ದೊಡ್ಡ ಕೆಲಸ. ಗಿಡ ಕಿತ್ತು ಹೊಸದು ನೆಟ್ಟರೆ ಮೂರು-ನಾಲ್ಕು ವರ್ಷ ಫಸಲಿಲ್ಲ. ಇಲ್ಲಿ ಕಾಂಡಕೊರಕದಿಂದ ಅರೇಬಿಕಾ ಕಳೆದುಕೊಂಡವರಿಗೆ ಆ ಸಂಕಟ ಗೊತ್ತು.

ಧಾರವಾಡದ ವೈದ್ಯೆ

ನಾನು ವೈದ್ಯರ ತಂಡವೊಂದರ ಜೊತೆ ಗ್ವಾಟೆಮಾಲಾದ ಬೆಟ್ಟದ ಊರುಗಳಿಗೆ ಹೋಗಿದ್ದೆ. ನೋಡಿಕೊಳ್ಳುವವರಿಗೆ ಹೋಲಿಸಿದರೆ ನಾನು ಆಚೆ ಬದಿಯವಳು, ಅಂದರೆ ಬಂದು ಹೋಗುವವಳು. ಆ ಬದಿಯಿಂದ ಕಂಡದ್ದನ್ನು ಹೇಳುತ್ತೇನೆ.

ಶಿಬಿರದಲ್ಲಿ ಎದುರು ಕುಳಿತ ಅಜ್ಜಿಗೆ ಅಲ್ಲಿಯ ಮಾಯಾ ಜನರ ಭಾಷೆಯಾದ ಕಕ್‌ಚಿಕೆಲ್ ಬಿಟ್ಟು ಬೇರೆ ಭಾಷೆ ಬರುವುದಿಲ್ಲ. ಊರಿನ ಆರೋಗ್ಯ ಕಾರ್ಯಕರ್ತೆ ಅದನ್ನು ಸ್ಪ್ಯಾನಿಷ್‌ನಲ್ಲಿ ಹೇಳಬೇಕು, ನಮ್ಮನ್ನು ನೋಡಿಕೊಳ್ಳುತ್ತಿದ್ದ ಸ್ವಯಂಸೇವಕಿ ಅದನ್ನು ಇಂಗ್ಲಿಷ್‌ಗೆ ತರಬೇಕು, ನನ್ನ ಮಾತು ಅದೇ ದಾರಿಯಲ್ಲಿ ಹಿಂದಕ್ಕೆ ಹೋಗಬೇಕು. ಅಜ್ಜಿ ಎರಡು ನಿಮಿಷ ಮಾತಾಡಿ, ಎದೆಯನ್ನೂ ಹೊಟ್ಟೆಯನ್ನೂ ಮುಟ್ಟಿ ತೋರಿಸಿದ್ದು ನನಗೆ ತಲುಪುವಾಗ ಎದೆಯುರಿ ಎಂಬ ಒಂದು ಪದವಾಗಿತ್ತು. ಔಷಧಿ ಬರೆಯಲು ಹೊರಟಾಗ ಸ್ವಯಂಸೇವಕಿ ನನ್ನನ್ನು ತಡೆದು, ಇನ್ನೊಮ್ಮೆ ಕೇಳಿಸೋಣ ಎಂದರು. ಮಗ ಉತ್ತರಕ್ಕೆ, ಅಂದರೆ ಅಮೆರಿಕದ ಕಡೆಗೆ, ಹೋದವನು ಸುದ್ದಿಯಿಲ್ಲ, ಅಂದಿನಿಂದ ನಿದ್ದೆಯಿಲ್ಲ, ಊಟ ಸೇರುವುದಿಲ್ಲ ಎಂಬುದು ಆಗ ಹೊರಬಂತು. ಅಷ್ಟು ತಾಳ್ಮೆಯ ಮಧ್ಯವರ್ತಿ ಇಲ್ಲದಿದ್ದರೆ ನಾನು ಒಂದು ಮಾತ್ರೆಯ ಪಟ್ಟಿ ಕೊಟ್ಟು ಕಳಿಸಿರುತ್ತಿದ್ದೆ.

ಶಿರ್ವದ ಹುಡುಗ ಅವರೇ, ವೈದ್ಯಕೀಯ ತಂಡಗಳನ್ನು ನೋಡಿಕೊಳ್ಳುವ ಅವಕಾಶ ಸಿಕ್ಕರೆ ಒಂದು ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ರಕ್ತದೊತ್ತಡ, ಸಕ್ಕರೆ ಕಾಯಿಲೆಗೆ ಒಂದು ತಿಂಗಳ ಮಾತ್ರೆ ಕೊಟ್ಟು ಹೊರಟುಹೋಗುವ ತಂಡದಿಂದ ಪ್ರಯೋಜನ ಬಹಳ ಕಡಿಮೆ. ಎರಡನೆಯ ತಿಂಗಳ ಮಾತ್ರೆ ಎಲ್ಲಿಂದ ಬರುತ್ತದೆ, ಯಾರು ಪರೀಕ್ಷಿಸುತ್ತಾರೆ ಎಂಬುದು ಊರಿನ ಚಿಕಿತ್ಸಾಲಯದ ಪುಸ್ತಕದಲ್ಲಿ ಬರೆದಿರಬೇಕು. ಬಂದ ವೈದ್ಯರು ಬರೆಯುವ ಚೀಟಿ ಸ್ಪ್ಯಾನಿಷ್‌ನಲ್ಲಿರಬೇಕು, ಊರಿನ ಔಷಧಿ ಅಂಗಡಿಯಲ್ಲಿ ಸಿಗುವ ಔಷಧಿಯೇ ಆಗಿರಬೇಕು. ಸೂಟ್‌ಕೇಸಿನಲ್ಲಿ ಬಂದ ಅವಧಿ ಮುಗಿಯುತ್ತಿರುವ ಮಾದರಿ ಔಷಧಿಗಳನ್ನು ಹಂಚಲು ಬಿಡಬೇಡಿ. ದೊಡ್ಡ ಡಾಕ್ಟರ್ ಎಂದು ಸಂಕೋಚಪಡದೆ ಹೇಳಿ. ಆ ಸ್ವಯಂಸೇವಕಿ ನನಗೆ ಹೇಳಿದ್ದಕ್ಕೆ ನಾನು ಇಂದಿಗೂ ಅವರಿಗೆ ಋಣಿ.

ಬಲ್ಮಠದ ಓದುಗ

ಚರ್ಚೆ ಚೆನ್ನಾಗಿ ಸಾಗಿದೆ. ನಾನು ಸಿಎಸ್‌ಐ ಸಭೆಯವನು, ಅಂದರೆ ಪ್ರೊಟೆಸ್ಟೆಂಟ್; ನಮ್ಮ ಮನೆತನ ಬಾಸೆಲ್ ಮಿಷನ್ ಕಾಲದಿಂದ ಮಂಗಳೂರಿನಲ್ಲಿದೆ. ಆ ಕಾರಣಕ್ಕೆ ನನಗೆ ವಾರದ ತಂಡಗಳ ಬಗ್ಗೆ ಒಂದು ಅಸಮಾಧಾನವಿದೆ. 1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಬಂತು. 1836ರಲ್ಲಿ ಬಂದ ಮೋಗ್ಲಿಂಗ್ ಕನ್ನಡ ಕಲಿತು 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರತಂದರು. ಕಿಟೆಲ್ ಬಂದದ್ದು 1853ರಲ್ಲಿ, ಅವರ ನಿಘಂಟು ಅಚ್ಚಾದದ್ದು 1894ರಲ್ಲಿ. ಆ ಮಿಷನರಿಗಳ ಬಗ್ಗೆ ನಮ್ಮಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ, ಇರಲಿ; ಆದರೆ ಭಾಷೆಗೆ ಅವರು ತಮ್ಮ ಆಯುಷ್ಯವನ್ನೇ ಕೊಟ್ಟರೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಒಂದು ವಾರಕ್ಕೆ ಬಂದು, ನಾಲ್ಕು ಮಾತು ಕಲಿಯದೆ, ಇಟ್ಟಿಗೆ ಹೊತ್ತು ಹೋಗುವುದನ್ನು ಮಿಷನ್ ಎಂದು ಕರೆಯಬಹುದೇ? ಇನ್ನೊಂದು ಮಾತು. ಆ ಊರಿನವರು ಮೊದಲೇ ಕ್ರೈಸ್ತರು. ಹಾಗಿದ್ದರೆ ಈ ತಂಡಗಳು ಅಲ್ಲಿಗೆ ಯಾವ ಶುಭಸಂದೇಶವನ್ನು ಒಯ್ಯುತ್ತವೆ?

ಟೀಚರಕ್ಕ

ನಿಮ್ಮ ಎರಡನೆಯ ಪ್ರಶ್ನೆಯನ್ನು ನನ್ನನ್ನು ಕೇಳಿದರೆ, ತಂಡಗಳು ಏನನ್ನೂ ಒಯ್ಯುವುದಿಲ್ಲ, ಅಲ್ಲಿಂದ ತೆಗೆದುಕೊಂಡು ಹೋಗುತ್ತವೆ ಎನ್ನುತ್ತೇನೆ. ಇದನ್ನು ಉಪಚಾರದ ಮಾತಾಗಿ ಹೇಳುತ್ತಿಲ್ಲ. ಸರೋವರದ ಸಾಂತಿಯಾಗೊ ಅತಿತ್ಲಾನ್ ಊರಿಗೆ ನಾನು ಪ್ರತಿ ತಂಡವನ್ನೂ ಕರೆದುಕೊಂಡು ಹೋಗುತ್ತಿದ್ದೆ, ಅದನ್ನು ಕಾರ್ಯಕ್ರಮದಿಂದ ಬಿಡಲು ಒಪ್ಪುತ್ತಿರಲಿಲ್ಲ. ಒಕ್ಲಹೋಮಾದ ರೈತ ಕುಟುಂಬದಿಂದ 1968ರಲ್ಲಿ ಬಂದ ಫಾದರ್ ಸ್ಟ್ಯಾನ್ಲಿ ರೋದರ್ ಅಲ್ಲಿ ತ್ಸೂತುಹಿಲ್ ಭಾಷೆ ಕಲಿತು, ಹೊಲದಲ್ಲಿ ಜನರ ಜೊತೆ ದುಡಿದು, ಗ್ವಾಟೆಮಾಲಾದ ಅಂತರ್ಯುದ್ಧದ ದಿನಗಳಲ್ಲಿ ಜನರನ್ನು ಬಿಡದೆ ಇದ್ದವರು. ಉಪದೇಶಿಗಳು ಒಬ್ಬೊಬ್ಬರಾಗಿ ಕಾಣೆಯಾಗುತ್ತಿದ್ದಾಗ, ತಮ್ಮ ಹೆಸರೂ ಕೊಲೆಗಾರರ ಪಟ್ಟಿಯಲ್ಲಿದೆಯೆಂದು ತಿಳಿದು 1981ರ ಆರಂಭದಲ್ಲಿ ಒಕ್ಲಹೋಮಾದ ತಮ್ಮ ಊರಿಗೆ ಹೋದವರು, ಈಸ್ಟರ್‌ಗೆ ಮುಂಚಿನ ಪವಿತ್ರ ವಾರವನ್ನು ತಮ್ಮ ಜನರೊಂದಿಗೆ ಆಚರಿಸಬೇಕೆಂದು ಹಿಂದಿರುಗಿದರು. ಅದೇ ವರ್ಷ ಜುಲೈ 28ರ ನಡುರಾತ್ರಿಯ ನಂತರ ಚರ್ಚಿನ ಪಕ್ಕದ ಮನೆಯಲ್ಲಿ ಅವರನ್ನು ಕೊಂದರು. 2017ರ ಸೆಪ್ಟೆಂಬರ್ 23ರಂದು ಅವರನ್ನು ಪುನೀತರೆಂದು (ಸಂತ ಪದವಿಗೆ ಮುಂಚಿನ ಹಂತ) ಘೋಷಿಸಲಾಯಿತು. ಅವರ ದೇಹ ಒಕ್ಲಹೋಮಾಕ್ಕೆ ಹೋಯಿತು, ಹೃದಯವನ್ನು ಅಲ್ಲಿಯ ಜನ ತಮ್ಮಲ್ಲೇ ಉಳಿಸಿಕೊಂಡರು.

ಅದೇ ಊರಿನಲ್ಲಿ 1990ರ ಡಿಸೆಂಬರ್ 2ರಂದು ನಿರಾಯುಧರ ಮೇಲೆ ಸೈನಿಕರು ಗುಂಡು ಹಾರಿಸಿ ಹತ್ತಕ್ಕೂ ಹೆಚ್ಚು ಜನರನ್ನು ಕೊಂದಾಗ, ಊರಿಗೆ ಊರೇ ಎದ್ದು ನಿಂತು ಸೇನೆಯ ಠಾಣೆಯನ್ನು ಅಲ್ಲಿಂದ ತೆಗೆಸಿತು. 2005ರ ಅಕ್ಟೋಬರಿನಲ್ಲಿ ಸ್ಟಾನ್ ಚಂಡಮಾರುತದ ಮಳೆಗೆ ಬೆಟ್ಟ ಜಾರಿ ಊರಿನ ಪಾನಾಬಾಹ್ ಭಾಗ ಕೆಸರಿನಡಿ ಹೂತುಹೋಯಿತು, ನೂರಾರು ಜನ ಸತ್ತರು. ಇಷ್ಟೆಲ್ಲ ಕಂಡವರು ಭಾನುವಾರದ ಪೂಜೆಯಲ್ಲಿ ನೇಯ್ದ ಬಣ್ಣದ ರವಿಕೆಗಳನ್ನು ತೊಟ್ಟು, ಮಂಡಿಯೂರಿ ಪ್ರಾರ್ಥಿಸುವುದನ್ನು ನೋಡಿದ ಮೇಲೆ, ಶುಭಸಂದೇಶ ಯಾರಿಂದ ಯಾರಿಗೆ ಎಂಬ ಪ್ರಶ್ನೆಗೆ ತಂಡದವರಿಗೇ ಉತ್ತರ ಸಿಗುತ್ತದೆ.

ನಿಮ್ಮ ಮೊದಲ ಮಾತನ್ನು ನಾನು ಒಪ್ಪುತ್ತೇನೆ. ವಾರದ ತಂಡದಿಂದ ಮೋಗ್ಲಿಂಗರ ಕೆಲಸ ಆಗುವುದಿಲ್ಲ. ಆದ್ದರಿಂದಲೇ ಜೊತೆಗಿರುವವರು ಭಾಷೆ ಕಲಿತವರಾಗಿರಬೇಕು, ಆದಷ್ಟು ಹೆಚ್ಚು ಕಾಲ ಉಳಿಯಬೇಕು.

ಫೋಟೊದ ಕಾರಣವನ್ನು ಈಗ ಹೇಳುತ್ತೇನೆ. ಗ್ವಾಟೆಮಾಲಾದಿಂದ ಸಾವಿರಾರು ಮಕ್ಕಳನ್ನು ವಿದೇಶಿಯರು ದತ್ತು ತೆಗೆದುಕೊಳ್ಳುತ್ತಿದ್ದ ಕಾಲವೊಂದಿತ್ತು. ಮಕ್ಕಳನ್ನು ಕದ್ದು ಮಾರಿದ ಪ್ರಕರಣಗಳು ಹೊರಬಿದ್ದು, 2007ರ ಕೊನೆಯಲ್ಲಿ ಹೊಸ ಕಾನೂನು ಬಂದ ಮೇಲೆ ಅದು ನಿಂತಿತು. ಆ ಭಯ ಹಳ್ಳಿಗಳಲ್ಲಿ ಎಷ್ಟು ಆಳವಾಗಿತ್ತೆಂದರೆ, 2000ದ ಏಪ್ರಿಲಿನಲ್ಲಿ ತೋದೋಸ್ ಸಾಂತೋಸ್ ಕುಚುಮಾತಾನ್ ಎಂಬ ಬೆಟ್ಟದ ಊರಿನಲ್ಲಿ ಮಕ್ಕಳ ಕಳ್ಳರು ಬರುತ್ತಾರೆಂಬ ಗಾಳಿಸುದ್ದಿ ಹಬ್ಬಿ, ಜನರ ಗುಂಪು ಜಪಾನಿನ ಪ್ರವಾಸಿಯೊಬ್ಬರನ್ನೂ ಬಸ್ ಚಾಲಕರೊಬ್ಬರನ್ನೂ ಕೊಂದುಹಾಕಿತು. ಬೀದಿಯಲ್ಲಿ ಕಂಡ ಮಗುವಿನ ಕೆನ್ನೆ ಹಿಂಡುವುದು, ಎತ್ತಿಕೊಳ್ಳುವುದು, ಮಿಠಾಯಿ ಕೊಟ್ಟು ಕರೆಯುವುದು, ಫೋಟೊ ತೆಗೆಯುವುದು, ಇವೆಲ್ಲ ಅಲ್ಲಿಯ ತಾಯಿಯ ಎದೆಯಲ್ಲಿ ಯಾವ ನೆನಪನ್ನು ಕಲಕುತ್ತವೆ ಎಂಬುದು ಬಂದವರಿಗೆ ತಿಳಿದಿರುವುದಿಲ್ಲ. ನೀವು ಹೇಳಬೇಕು, ಒಮ್ಮೆ ಹೇಳಿದರೆ ಸಾಲದು. ಈ ಒಂದು ವಿಷಯದಲ್ಲಿ ತಂಡದ ಮುಖಂಡರು ಬೇಸರಪಟ್ಟುಕೊಂಡರೂ ಪರವಾಗಿಲ್ಲ.

ಬಲ್ಮಠದ ಓದುಗ

ಟೀಚರಕ್ಕ, ಇಷ್ಟು ವಿವರವಾಗಿ ಬರೆದದ್ದಕ್ಕೆ ಕೃತಜ್ಞ. ಬಂದವರು ತೆಗೆದುಕೊಂಡು ಹೋಗುತ್ತಾರೆ ಎಂಬುದನ್ನು ಬಂದವರೇ ಒಪ್ಪುವುದಾದರೆ ನನ್ನ ಅಸಮಾಧಾನ ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಆದರೂ ಅದಕ್ಕೆ ಮಿಷನ್ ಪ್ರವಾಸವೆಂಬ ಹೆಸರಿಗಿಂತ ಯಾತ್ರೆಯೆಂಬ ಹೆಸರು ಹೆಚ್ಚು ಪ್ರಾಮಾಣಿಕ ಎಂಬ ನನ್ನ ಅಭಿಪ್ರಾಯ ಹಾಗೆಯೇ ಉಳಿದಿದೆ.

ಶಿರ್ವದ ಹುಡುಗ

ಇಷ್ಟು ಜನ ಸಮಯ ಕೊಟ್ಟು ಬರೆದದ್ದಕ್ಕೆ ಹೇಗೆ ಧನ್ಯವಾದ ಹೇಳಲಿ. ಅಮ್ಮನಿಗೆ ಇದನ್ನೆಲ್ಲ ಓದಿ ಹೇಳಿದೆ. ಹುಡುಗನ ಕೂಲಿಯ ಮಾತು ಬಂದಾಗ ಅವರು, ಹಾಗಾದರೆ ಹೋಗು, ಆದರೆ ಅದನ್ನು ಮರೆಯಬೇಡ ಎಂದರು. ಮಿಷನ್‌ಗೆ ಪತ್ರ ಬರೆದು, ತಂಡವಿಲ್ಲದ ತಿಂಗಳುಗಳಲ್ಲಿ ಏನು ನಡೆಯುತ್ತದೆ ಎಂದು ಕೇಳಿದ್ದೇನೆ.

ಇನ್ನೂ ಕೆಲವು ಪ್ರಶ್ನೆಗಳು. ಸ್ಪ್ಯಾನಿಷ್ ನನಗೆ ಅಷ್ಟಿಷ್ಟು ಮಾತ್ರ ಬರುತ್ತದೆ, ಎಲ್ಲಿ ಕಲಿಯಲಿ? ವೀಸಾ ಹೇಗೆ? ವಾರವಾರವೂ ಹೊಸಬರನ್ನು ನಗುಮುಖದಿಂದ ಬರಮಾಡಿಕೊಂಡು, ಅದೇ ಮಾತುಗಳನ್ನು ಮತ್ತೆ ಮತ್ತೆ ಹೇಳಿ ಬೇಸರವಾಗುವುದಿಲ್ಲವೇ? ಕೊನೆಯದು, ತಂಡದವರು ಹೊರಡುವಾಗ ಭಾವುಕರಾಗಿ ಯಾವುದೋ ಕುಟುಂಬಕ್ಕೆ ಹಣ ಕೊಡುತ್ತೇನೆ, ಮಗುವನ್ನು ಓದಿಸುತ್ತೇನೆ ಎಂದರೆ ಏನು ಮಾಡಬೇಕು? ನಮ್ಮ ಚರ್ಚಿನವರೊಬ್ಬರು ಕಳೆದ ವರ್ಷ ಹಾಗೆ ಹೇಳಿ ಬಂದದ್ದನ್ನು ಕೇಳಿದ್ದೇನೆ.

ಧಾರವಾಡದ ವೈದ್ಯೆ

ಭಾಷೆಯ ಬಗ್ಗೆ ನಾನು ಹೇಳಬಲ್ಲೆ. ಆಂತಿಗುವಾ ಮತ್ತು ಕೆತ್ಸಾಲ್ತೆನಾಂಗೊ ಊರುಗಳಲ್ಲಿ ಒಬ್ಬ ವಿದ್ಯಾರ್ಥಿಗೆ ಒಬ್ಬ ಶಿಕ್ಷಕರಂತೆ ಕಲಿಸುವ ಸ್ಪ್ಯಾನಿಷ್ ಶಾಲೆಗಳು ಬಹಳ ಇವೆ, ಊರಿನವರ ಮನೆಯಲ್ಲೇ ಉಳಿಯುವ ಏರ್ಪಾಡೂ ಇರುತ್ತದೆ. ಕೆತ್ಸಾಲ್ತೆನಾಂಗೊದಲ್ಲಿ ವಿದೇಶಿಯರು ಕಡಿಮೆಯಿರುವುದರಿಂದ ಅಲ್ಲಿ ಕಲಿಕೆ ಬೇಗ. ಮಿಷನ್‌ಗೆ ಹೋಗುವ ಮುಂಚೆ ಒಂದೆರಡು ತಿಂಗಳನ್ನು ಅದಕ್ಕೇ ಮೀಸಲಿಡಿ. ಅಲ್ಲಿಗೆ ಹೋದ ಮೇಲೆ ಕಕ್‌ಚಿಕೆಲ್‌ನಲ್ಲಿ ನಮಸ್ಕಾರ, ಧನ್ಯವಾದ, ನೋವು ಎಲ್ಲಿದೆ ಎಂಬಷ್ಟನ್ನಾದರೂ ಕಲಿತರೆ ಹಿರಿಯರ ಮುಖ ಅರಳುತ್ತದೆ.

ಟೀಚರಕ್ಕ

ವೀಸಾದ ವಿಷಯ ಸ್ವಲ್ಪದರಲ್ಲಿ ಹೇಳುತ್ತೇನೆ. ಗ್ವಾಟೆಮಾಲಾ, ಎಲ್ ಸಾಲ್ವಡಾರ್, ಹೊಂಡುರಾಸ್, ನಿಕರಾಗುವಾ ನಾಲ್ಕೂ ದೇಶಗಳಿಗೆ ಸೇರಿ ಪ್ರವಾಸಿಗೆ 90 ದಿನದ ಅವಧಿ ಇರುತ್ತದೆ. ವರ್ಷ ಪೂರ್ತಿ ಇರಬೇಕಾದರೆ ವಾಸದ ಪರವಾನಗಿಯ ಬಗ್ಗೆ ಮಿಷನ್ ಕಚೇರಿಯವರ ಜೊತೆ ಮೊದಲೇ ಮಾತಾಡಿ, ಭಾರತೀಯ ಪಾಸ್‌ಪೋರ್ಟ್ ಇದ್ದರೆ ಇನ್ನೂ ಬೇಗ ಶುರುಮಾಡಿ.

ಬೇಸರದ ಬಗ್ಗೆ. ಅದೇ ಮಾತುಗಳನ್ನು ಹೇಳುವುದರಿಂದ ನನಗೆ ಬೇಸರವಾಗಲಿಲ್ಲ, ಮೂವತ್ತು ವರ್ಷ ಅದೇ ಪಾಠ ಮಾಡಿದವಳು ನಾನು. ಕಷ್ಟವಾದದ್ದು ಬೇರೆ. ತಂಡದವರು ನಿಮ್ಮನ್ನು ತಮ್ಮವರೆಂದುಕೊಳ್ಳುತ್ತಾರೆ, ಊರಿನವರು ನಿಮ್ಮನ್ನು ತಂಡದವರೆಂದುಕೊಳ್ಳುತ್ತಾರೆ, ಕೆಲವು ತಿಂಗಳು ನೀವು ಎರಡೂ ಕಡೆ ಸೇರುವುದಿಲ್ಲ. ಅದು ಕಳೆಯಬೇಕಾದರೆ ತಂಡವಿಲ್ಲದ ದಿನಗಳಲ್ಲಿ ಮಿಷನ್ನಿನ ಆವರಣ ಬಿಟ್ಟು ಹೊರಗೆ ಹೋಗಿ. ಶುಕ್ರವಾರದ ಸಂತೆಗೆ ಅಡುಗೆಯವರ ಜೊತೆ ಹೋಗಿ ಚೀಲ ಹಿಡಿಯಿರಿ, ಸಾವಿನ ಮನೆಗೆ ಹೋಗಿ ಕೂರಿ, ಪವಿತ್ರ ವಾರದಲ್ಲಿ ಬೀದಿಯ ತುಂಬ ಬಣ್ಣದ ಮರದ ಪುಡಿಯಿಂದ ಹಾಸು ಬಿಡಿಸುವಾಗ ರಾತ್ರಿಯೆಲ್ಲ ಅವರ ಜೊತೆ ಮಂಡಿಯೂರಿ ಕೆಲಸ ಮಾಡಿ. ನಿಮ್ಮ ಹೆಸರು ಹಿಡಿದು ಊರಿನವರು ಕರೆಯಲು ತೊಡಗುವುದು ಅಂಥ ದಿನಗಳ ನಂತರ. ವಾರಕ್ಕೆ ಒಂದು ದಿನ ಪೂರ್ತಿ ರಜೆ ಬೇಕೇಬೇಕು ಎಂದು ಮೊದಲೇ ಒಪ್ಪಿಸಿಕೊಳ್ಳಿ. ಒಂದರ ಹಿಂದೊಂದು ತಂಡಗಳು ಬರುವ ಜೂನ್-ಜುಲೈ ಮತ್ತು ಜನವರಿ-ಮಾರ್ಚ್ ತಿಂಗಳುಗಳಲ್ಲಿ ಆ ರಜೆಯೇ ಮೊದಲು ಹೋಗುವುದು, ಅದನ್ನು ಬಿಟ್ಟುಕೊಟ್ಟವರು ವರ್ಷ ಪೂರೈಸದೆ ಹಿಂದಿರುಗಿದ್ದನ್ನು ನೋಡಿದ್ದೇನೆ.

ಇನ್ನು ವಚನ ಕೊಡುವವರ ವಿಷಯ. ಇದು ಪ್ರತಿ ತಂಡದಲ್ಲೂ ಆಗುತ್ತದೆ, ಕೊನೆಯ ರಾತ್ರಿಯೇ ಆಗುತ್ತದೆ. ಒಲೆ ಕಟ್ಟಿಕೊಟ್ಟ ಮನೆಯ ಹುಡುಗಿ ಚೂಟಿಯಾಗಿರುತ್ತಾಳೆ, ತಾಯಿ ರೊಟ್ಟಿ ಕೊಟ್ಟಿರುತ್ತಾಳೆ, ಇವರ ಕಣ್ಣು ತುಂಬಿರುತ್ತದೆ. ಅವಳನ್ನು ನಾನು ಓದಿಸುತ್ತೇನೆ, ಈಗಲೇ ಅವರಿಗೆ ಹೇಳಿ ಎಂದು ನಿಮ್ಮನ್ನು ದುಭಾಷಿಯಾಗಿ ಕರೆಯುತ್ತಾರೆ. ಆ ಮಾತನ್ನು ಸ್ಪ್ಯಾನಿಷ್‌ಗೆ ತರಬೇಡಿ. ಮರ್ಯಾದೆಯಿಂದ, ಕೈ ಹಿಡಿದು, ಇವತ್ತು ಬೇಡ ಎಂದು ಹೇಳಿ. ಏಕೆಂದರೆ ಇವರು ಮರೆತರೂ ಆ ತಾಯಿ ಮರೆಯುವುದಿಲ್ಲ. ಶಾಲೆ ಆರಂಭವಾಗುವ ಜನವರಿಯಲ್ಲಿ ಅವಳು ಮಗಳ ಕೈ ಹಿಡಿದುಕೊಂಡು ಮಿಷನ್ನಿನ ಗೇಟಿಗೆ ಬಂದು, ಅವರಿಂದ ಪತ್ರ ಬಂತೇ ಎಂದು ಕೇಳುತ್ತಾಳೆ, ಬಂದಿಲ್ಲವೆಂದು ಹೇಳಬೇಕಾದವರು ನೀವು.

ನಾವು ಅಲ್ಲಿ ಒಂದು ಪದ್ಧತಿ ಮಾಡಿಕೊಂಡಿದ್ದೆವು. ಸಹಾಯ ಮಾಡಬೇಕೆನ್ನುವವರು ಮನೆಗೆ ಹೋಗಿ, ಒಂದು ತಿಂಗಳು ಕಳೆದ ಮೇಲೂ ಮನಸ್ಸು ಹಾಗೆಯೇ ಇದ್ದರೆ ಮಿಷನ್ ಕಚೇರಿಗೆ ಬರೆಯಬೇಕು. ಹಣ ವಿದ್ಯಾರ್ಥಿವೇತನದ ನಿಧಿಗೆ ಬರುತ್ತದೆ, ಯಾವ ಮಗುವಿಗೆ ಎಂಬುದನ್ನು ಊರಿನ ಶಿಕ್ಷಕರೂ ಧರ್ಮಕೇಂದ್ರದ ಹಿರಿಯರೂ ಇರುವ ಸಮಿತಿ ತೀರ್ಮಾನಿಸುತ್ತದೆ, ಒಮ್ಮೆ ಆರಂಭವಾದ ಮಗುವಿನ ಓದು ಒಬ್ಬ ದಾನಿ ನಿಂತರೂ ನಿಲ್ಲುವುದಿಲ್ಲ. ಇದನ್ನು ಕೊನೆಯ ರಾತ್ರಿ ಹೇಳಿದರೆ ಜನ ನೊಂದುಕೊಳ್ಳುತ್ತಾರೆ. ಬಂದ ದಿನವೇ, ನಲ್ಲಿಯ ನೀರಿನ ಮಾತಿನ ಜೊತೆಯಲ್ಲೇ ಹೇಳಿಬಿಡಿ. ನಿಮ್ಮ ಚರ್ಚಿನವರು ಕಳೆದ ವರ್ಷ ಮಾತು ಕೊಟ್ಟು ಬಂದಿದ್ದಾರೆಂದಿರಿ. ಹೊರಡುವ ಮೊದಲು ಅವರನ್ನು ಕಂಡು, ಯಾವ ಮನೆ, ಏನು ಹೇಳಿದ್ದಾರೆ, ಏನಾದರೂ ಕಳಿಸಿದ್ದಾರೆಯೇ ಎಂದು ಕೇಳಿ ಬರೆದುಕೊಳ್ಳಿ. ನೀವು ಅಲ್ಲಿಗೆ ತಲುಪಿದ ಮೊದಲ ವಾರ ಆ ಮನೆಯವರು ನಿಮ್ಮನ್ನು ಹುಡುಕಿಕೊಂಡು ಬರುವ ಸಾಧ್ಯತೆ ಇದೆ.